ವಿಶ್ವವಿದ್ಯಾಲಯಕ್ಕೆ ಪೇಟೆಂಟ್ ಯಾಕೆ?

ಪ್ರಶ್ನೆ: ನನ್ನ ತಾಯಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಈಚೆಗೆ ದೃಷ್ಟಿ ಮಂಜಾದಾಗ ಕಣ್ಣಿನ ಆಸ್ಪತ್ರೆಯಲ್ಲಿ ಒಸಿಟಿ ಎಂಬ ಸ್ಕ್ಯಾನ್ ಮಾಡಿದರು. ಆ ತಂತ್ರಕ್ಕೆ ಅಮೆರಿಕದ ವಿಶ್ವವಿದ್ಯಾಲಯವೊಂದು ಪೇಟೆಂಟ್ ಪಡೆದಿತ್ತು ಎಂದು ಎಂಜಿನಿಯರಿಂಗ್ ಓದುತ್ತಿರುವ ಮಗಳು ಹೇಳಿದಳು. ಅವಳ ಕಾಲೇಜಿನಲ್ಲೂ ಪ್ರಾಜೆಕ್ಟಿಗೆ ಪೇಟೆಂಟ್ ಮಾಡಿಸಿ ಎನ್ನುತ್ತಾರಂತೆ. ಜನರ ತೆರಿಗೆ ದುಡ್ಡಿನಲ್ಲಿ ಸಂಶೋಧನೆ ಮಾಡುವ ವಿದ್ಯಾಸಂಸ್ಥೆಗಳು ತಾವು ಕಂಡುಹಿಡಿದದ್ದರ ಮೇಲೆ ಹೀಗೆ ಹಕ್ಕು ಸ್ಥಾಪಿಸುವುದು ಸರಿಯೇ? ಇದರಿಂದ ರೋಗಿಗಳಿಗೆ ಲಾಭವೋ ನಷ್ಟವೋ?
– ಓದುಗರೊಬ್ಬರು, ಹಾಸನ

ಉತ್ತರ: ಪೇಟೆಂಟ್ ಪಡೆಯುವುದರಲ್ಲಿ ತಪ್ಪಿಲ್ಲ. ಪಡೆದ ಹಕ್ಕನ್ನು ವಿಶ್ವವಿದ್ಯಾಲಯ ಯಾರಿಗೆ, ಯಾವ ಷರತ್ತಿನ ಮೇಲೆ ಕೊಡುತ್ತದೆ ಎಂಬುದರ ಮೇಲೆ ರೋಗಿಯ ಲಾಭನಷ್ಟ ನಿಂತಿದೆ. ಕಳೆದ ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆಗಳೂ ಸಿಗುತ್ತವೆ, ಕೆಟ್ಟವೂ ಸಿಗುತ್ತವೆ. ನಿಮ್ಮ ತಾಯಿಯವರ ಕಣ್ಣಿನ ಸ್ಕ್ಯಾನಿನಿಂದಲೇ ಶುರು ಮಾಡುತ್ತೇನೆ.

ಬೆಳಕಿನಿಂದ ಆಳ ಅಳೆದ ಬಗೆ

ಸಕ್ಕರೆ ಕಾಯಿಲೆ ಹಳೆಯದಾದಂತೆ ಕಣ್ಣಿನ ಹಿಂಭಾಗದ ಅಕ್ಷಿಪಟಲದ ಸಣ್ಣ ರಕ್ತನಾಳಗಳು ಸೋರತೊಡಗುತ್ತವೆ. ಸೋರಿದ ದ್ರವ ಪದರಗಳ ನಡುವೆ ನಿಂತು ಊತ ಬರುತ್ತದೆ, ದೃಷ್ಟಿ ಮಂಜಾಗುತ್ತದೆ. ಅಕ್ಷಿಪಟಲದ ದಪ್ಪವೇ ಸುಮಾರು ಕಾಲು ಮಿಲಿಮೀಟರ್. ವೈದ್ಯರು ಮಸೂರ ಹಿಡಿದು ನೋಡಿದರೆ ಮೇಲ್ಮೈ ಕಾಣುತ್ತದೆ. ಯಾವ ಪದರದಲ್ಲಿ ಎಷ್ಟು ದ್ರವ ನಿಂತಿದೆ ಎಂದು ತಿಳಿಯಲು ಅಡ್ಡಛೇದದ ಚಿತ್ರ ಬೇಕು. ಒಸಿಟಿ, ಅಂದರೆ ಆಪ್ಟಿಕಲ್ ಕೊಹೆರೆನ್ಸ್ ಟೊಮೊಗ್ರಫಿ, ಆ ಚಿತ್ರವನ್ನು ಕಣ್ಣು ಮುಟ್ಟದೆ ತೆಗೆದುಕೊಡುತ್ತದೆ. ಕಣ್ಣಿಗೆ ಇಂಜೆಕ್ಷನ್ ಬೇಕೋ ಬೇಡವೋ, ಕೊಟ್ಟದ್ದು ಕೆಲಸ ಮಾಡಿತೋ ಇಲ್ಲವೋ ಎಂದು ತೀರ್ಮಾನಿಸುವಾಗ ಇವತ್ತು ವೈದ್ಯರು ಮೊದಲು ನೋಡುವುದು ಈ ಚಿತ್ರವನ್ನೇ.

ಬಾವಿಗೆ ಕಲ್ಲು ಹಾಕಿ, ಸದ್ದು ಕೇಳುವವರೆಗಿನ ಹೊತ್ತಿನಿಂದ ಆಳ ಅಂದಾಜು ಮಾಡುತ್ತೇವಲ್ಲ, ತತ್ತ್ವ ಅದೇ. ಕಲ್ಲಿನ ಜಾಗದಲ್ಲಿ ಇಲ್ಲಿ ಬೆಳಕಿದೆ. ಕಣ್ಣಿನೊಳಗೆ ಹೋದ ಬೆಳಕು ಒಂದೊಂದು ಪದರದಿಂದಲೂ ಸ್ವಲ್ಪ ಸ್ವಲ್ಪ ಹಿಂದಿರುಗುತ್ತದೆ. ತೊಡಕಿರುವುದು ವೇಗದಲ್ಲಿ. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ. ಹತ್ತು ಮೈಕ್ರಾನ್ ಅಂತರದ ಎರಡು ಪದರಗಳಿಂದ ಬರುವ ಬೆಳಕಿನ ನಡುವಿನ ವ್ಯತ್ಯಾಸ ಸೆಕೆಂಡಿನ ಹತ್ತು ಲಕ್ಷ ಕೋಟಿಯ ಒಂದು ಭಾಗಕ್ಕಿಂತಲೂ ಕಡಿಮೆ. ಯಾವ ಎಲೆಕ್ಟ್ರಾನಿಕ್ ಗಡಿಯಾರಕ್ಕೂ ಇದು ಸಿಗುವುದಿಲ್ಲ.

ಹಾಗಾಗಿ ಸಂಶೋಧಕರು ಕಾಲವನ್ನು ನೇರವಾಗಿ ಅಳೆಯುವುದನ್ನೇ ಬಿಟ್ಟು ಬೇರೆ ದಾರಿ ಹಿಡಿದರು. ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಎರಡಾಗಿ ಒಡೆದು, ಒಂದನ್ನು ಕಣ್ಣಿಗೆ, ಇನ್ನೊಂದನ್ನು ಗೊತ್ತಾದ ದೂರದಲ್ಲಿರುವ ಕನ್ನಡಿಗೆ ಕಳಿಸಿದರು. ಹಿಂದಿರುಗಿದ ಎರಡನ್ನೂ ಕೂಡಿಸಿದರು. ಬಳಸಿದ್ದು ಹಲವು ತರಂಗಾಂತರಗಳು ಬೆರೆತ ಬೆಳಕಾದ್ದರಿಂದ, ಎರಡೂ ಕ್ರಮಿಸಿದ ದೂರ ಕೆಲವೇ ಮೈಕ್ರಾನುಗಳ ಒಳಗೆ ಸಮವಾದಾಗ ಮಾತ್ರ ಅವುಗಳ ಅಲೆಗಳು ಬೆರೆತು ಗುರುತಿಸಬಹುದಾದ ಏರಿಳಿತ ಹುಟ್ಟುತ್ತದೆ. ಕನ್ನಡಿಯನ್ನು ಸರಿಸುತ್ತಾ ಹೋದರೆ ಒಂದೊಂದು ಪದರದ ಆಳ ಸಿಗುತ್ತದೆ. ಬೆಳಕಿನ ಕಿರಣವನ್ನು ಪಕ್ಕಕ್ಕೂ ಸರಿಸಿದರೆ ಇಡೀ ಚಿತ್ರ ಮೂಡುತ್ತದೆ.

ಈ ಕೆಲಸ ನಡೆದದ್ದು ಅಮೆರಿಕದ ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಜೇಮ್ಸ್ ಫುಜಿಮೊಟೊ ಅವರ ಪ್ರಯೋಗಾಲಯದಲ್ಲಿ. ವೈದ್ಯ ಪದವಿ ಮತ್ತು ಡಾಕ್ಟರೇಟ್ ಎರಡನ್ನೂ ಒಟ್ಟಿಗೆ ಓದುತ್ತಿದ್ದ ಡೇವಿಡ್ ಹುವಾಂಗ್ ಅಲ್ಲಿನ ವಿದ್ಯಾರ್ಥಿ. ಎರಿಕ್ ಸ್ವಾನ್ಸನ್ ಅದೇ ಸಂಸ್ಥೆಯ ಲಿಂಕನ್ ಲ್ಯಾಬೊರೇಟರಿಯಲ್ಲಿ ಉಪಗ್ರಹಗಳ ನಡುವಿನ ಬೆಳಕಿನ ಸಂಪರ್ಕದ ಮೇಲೆ ದುಡಿಯುತ್ತಿದ್ದ ಎಂಜಿನಿಯರ್. ಬಾಸ್ಟನ್ನಿನ ಕಣ್ಣಿನ ವೈದ್ಯರಾದ ಕಾರ್ಮೆನ್ ಪುಲಿಯಾಫಿಟೊ ಮತ್ತು ಜೋಯೆಲ್ ಶೂಮನ್ ಕೂಡ ತಂಡದಲ್ಲಿದ್ದರು. 1991ರ ನವೆಂಬರಿನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇವರ ಲೇಖನ ಬಂತು. ಅದಕ್ಕೂ ಮೊದಲು, ಅದೇ ವರ್ಷದ ಏಪ್ರಿಲಿನಲ್ಲಿ ಪೇಟೆಂಟ್ ಅರ್ಜಿ ಹೋಗಿತ್ತು. 1994ರಲ್ಲಿ ಅದು ಮಂಜೂರಾಯಿತು. ಇದೇ ದಾರಿಯಲ್ಲಿ ವಿಯೆನ್ನಾದ ಅಡಾಲ್ಫ್ ಫೆರ್ಚರ್ ಅವರ ತಂಡವೂ ಸಾಗಿತ್ತು. 1993ರಲ್ಲಿ ಜೀವಂತ ಮನುಷ್ಯನ ಅಕ್ಷಿಪಟಲದ ಚಿತ್ರವನ್ನು ಎರಡು ತಂಡಗಳೂ ಪ್ರಕಟಿಸಿದವು.

ಇನ್ನು ನಿಮ್ಮ ಪ್ರಶ್ನೆಯ ತಿರುಳಿಗೆ ಬರೋಣ. ಪ್ರಯೋಗಾಲಯದ ಮೇಜಿನ ಮೇಲಿದ್ದ ಈ ಸಲಕರಣೆ ಆಸ್ಪತ್ರೆಗೆ ಬರಲು ಕಂಪನಿ ಬೇಕಾಯಿತು. ಸಂಶೋಧಕರೇ ಕಟ್ಟಿದ ಸಣ್ಣ ಕಂಪನಿಯನ್ನು ಕಾರ್ಲ್ ಝೈಸ್ ಸಮೂಹ ಕೊಂಡುಕೊಂಡಿತು. 1996ರಲ್ಲಿ ಮೊದಲ ಯಂತ್ರ ಮಾರುಕಟ್ಟೆಗೆ ಬಂದಾಗ ಕೊಳ್ಳುವವರು ಕಡಿಮೆ. ಚಿತ್ರ ತೆಗೆಯಲು ಹೊತ್ತು ಹಿಡಿಯುತ್ತಿತ್ತು, ಚಿತ್ರ ಒರಟಾಗಿತ್ತು. 2002ರಲ್ಲಿ ಮೂರನೆಯ ಮಾದರಿ ಬಂದ ಮೇಲೆಯೇ ಕಣ್ಣಿನ ವೈದ್ಯರು ಇದನ್ನು ನೆಚ್ಚಿದರು. ಲೇಖನದಿಂದ ಲೆಕ್ಕ ಹಾಕಿದರೆ ಹನ್ನೊಂದು ವರ್ಷ. ಪಕ್ಕದ ಕಂಪನಿ ನಾಳೆಯೇ ನಕಲು ಮಾಡಬಹುದು ಎಂದಿದ್ದರೆ ಅಷ್ಟು ವರ್ಷ ಯಾರೂ ದುಡ್ಡು ಸುರಿಯುತ್ತಿರಲಿಲ್ಲ. ಇಲ್ಲಿ ಪೇಟೆಂಟ್ ತನ್ನ ಕೆಲಸವನ್ನು ನ್ಯಾಯವಾಗಿ ಮಾಡಿತು. ಅದರ ಅವಧಿ ಈಗ ಮುಗಿದಿದೆ, ಹಲವು ಕಂಪನಿಗಳು ಯಂತ್ರ ತಯಾರಿಸುತ್ತಿವೆ. 2023ರಲ್ಲಿ ಫುಜಿಮೊಟೊ, ಹುವಾಂಗ್, ಸ್ವಾನ್ಸನ್ ಮೂವರಿಗೂ ವೈದ್ಯವಿಜ್ಞಾನದ ಹೆಸರಾಂತ ಲಾಸ್ಕರ್ ಪ್ರಶಸ್ತಿ ಸಂದಿತು.

ಪೇಟೆಂಟ್ ಅಂದರೆ ಗುಟ್ಟು ಕಾಯುವುದು ಎಂದು ಹಲವರು ತಿಳಿದಿದ್ದಾರೆ. ಕಾನೂನು ಹೇಳುವುದು ಅದಕ್ಕೆ ವಿರುದ್ಧವಾದದ್ದನ್ನು. ಪರಿಣತನೊಬ್ಬ ಓದಿ ಮಾಡಿನೋಡುವಷ್ಟು ವಿವರವಾಗಿ ಆವಿಷ್ಕಾರವನ್ನು ಬರೆದುಕೊಡಬೇಕು. ಆ ಬರಹ ಪ್ರಕಟವಾಗುತ್ತದೆ. ಅದಕ್ಕೆ ಪ್ರತಿಯಾಗಿ, ಅರ್ಜಿ ಹಾಕಿದ ದಿನದಿಂದ 20 ವರ್ಷ ಬೇರೆಯವರು ಅದನ್ನು ತಯಾರಿಸದಂತೆ, ಮಾರದಂತೆ ತಡೆಯುವ ಹಕ್ಕು ಸಿಗುತ್ತದೆ. ಆಮೇಲೆ ಅದು ಎಲ್ಲರ ಸೊತ್ತು.

ಒಂದು ಡಾಲರಿಗೆ ಮಾರಿದ ಇನ್ಸುಲಿನ್

ಹಕ್ಕು ಪಡೆದು ಅದನ್ನು ಜನರಿಗಾಗಿ ಬಳಸುವುದು ಹೇಗೆ ಎಂಬುದಕ್ಕೆ ಟೊರಾಂಟೊ ವಿಶ್ವವಿದ್ಯಾಲಯಕ್ಕಿಂತ ಒಳ್ಳೆಯ ಮಾದರಿ ನನಗೆ ಕಂಡಿಲ್ಲ. 1921ರ ಬೇಸಿಗೆಯಲ್ಲಿ ಅಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್, ಜೆ. ಜೆ. ಆರ್. ಮ್ಯಾಕ್ಲಿಯಾಡ್ ಅವರ ಪ್ರಯೋಗಾಲಯದಲ್ಲಿ ಮೇದೋಜೀರಕ ಗ್ರಂಥಿಯಿಂದ ಸಕ್ಕರೆ ಇಳಿಸುವ ಸಾರ, ಅಂದರೆ ಇನ್ಸುಲಿನ್, ತೆಗೆಯಲು ಹೊರಟರು. ಜೇಮ್ಸ್ ಕಾಲಿಪ್ ಆಮೇಲೆ ಬಂದು ಸೇರಿದರು. 1922ರ ಜನವರಿ 11ರಂದು 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲ ಚುಚ್ಚುಮದ್ದು ಕೊಟ್ಟರು. ಅದು ಸರಿಯಾಗಿ ಫಲಿಸಲಿಲ್ಲ. ಕಾಲಿಪ್ ಶುದ್ಧಗೊಳಿಸಿದ ಸಾರವನ್ನು 23ರಂದು ಕೊಟ್ಟಾಗ ಹುಡುಗನ ಸಕ್ಕರೆ ಇಳಿಯಿತು. ಅಲ್ಲಿಯವರೆಗೆ ಆ ಬಗೆಯ ಸಕ್ಕರೆ ಕಾಯಿಲೆಯ ಮಕ್ಕಳಿಗೆ ಉಪವಾಸದಂಥ ಪಥ್ಯ ಬಿಟ್ಟರೆ ಬೇರೆ ಚಿಕಿತ್ಸೆ ಇರಲಿಲ್ಲ.

ಔಷಧಕ್ಕೆ ಹಕ್ಕು ಪಡೆಯುವುದು ವೈದ್ಯಧರ್ಮಕ್ಕೆ ಹೊಂದುವುದಿಲ್ಲ ಎಂದು ಬ್ಯಾಂಟಿಂಗ್ ಮೊದಲು ಹಿಂದೆ ಸರಿದಿದ್ದರು. ಆದರೆ ಅಪಾಯ ಇನ್ನೊಂದು ಕಡೆ ಇತ್ತು. ತಾವು ಸುಮ್ಮನಿದ್ದರೆ ಬೇರೆ ಯಾರೋ ಹಕ್ಕು ಪಡೆದು ಬಾಗಿಲು ಮುಚ್ಚಬಹುದು. ಕಲಬೆರಕೆ ಮಾಲು ಮಾರಬಹುದು. ಇನ್ಸುಲಿನ್ ಹೆಚ್ಚಾದರೆ ಪ್ರಾಣವೇ ಹೋಗಬಹುದು. ಕಡೆಗೆ ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಮೂವರ ಹೆಸರಿನಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದು, ತಲಾ ಒಂದು ಡಾಲರಿಗೆ ಅದನ್ನು ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟರು. ವಿಶ್ವವಿದ್ಯಾಲಯ ಅದಕ್ಕಾಗಿ ಒಂದು ಸಮಿತಿಯನ್ನು ರಚಿಸಿತು. ದೊಡ್ಡ ಪ್ರಮಾಣದಲ್ಲಿ ತಯಾರಿಸುವುದು ಟೊರಾಂಟೊಗೆ ಕಷ್ಟವಾದಾಗ, 1922ರ ಮೇ ತಿಂಗಳಲ್ಲಿ ಎಲೈ ಲಿಲ್ಲಿ ಕಂಪನಿಗೆ ಒಂದು ವರ್ಷದ ಪ್ರಾಯೋಗಿಕ ಅವಧಿಗೆ ಮಾತ್ರ ವಿಶೇಷ ಅವಕಾಶ ಕೊಟ್ಟರು. ಆ ಮೇಲೆ ಬೇರೆಯವರಿಗೂ ಪರವಾನಗಿ ಸಿಕ್ಕಿತು. ಡೆನ್ಮಾರ್ಕಿನ ವಿಜ್ಞಾನಿ ಆಗಸ್ಟ್ ಕ್ರೋಗ್ ಟೊರಾಂಟೊಗೆ ಬಂದು ಅನುಮತಿ ಪಡೆದು ತಮ್ಮ ದೇಶದಲ್ಲಿ ತಯಾರಿಕೆ ಆರಂಭಿಸಿದರು. ತಯಾರಾದ ಇನ್ಸುಲಿನ್ನಿನ ಶಕ್ತಿ ಸರಿಯಿದೆಯೇ ಎಂದು ಸಮಿತಿ ಪರೀಕ್ಷೆ ಮಾಡಿಸುತ್ತಿತ್ತು. ಪೇಟೆಂಟ್ ಕೈಯಲ್ಲಿದ್ದುದರಿಂದಲೇ ಆ ಅಧಿಕಾರ ಅದಕ್ಕೆ ಬಂದಿತ್ತು.

ಹಕ್ಕು ಅಡ್ಡಿಯಾದಾಗ

ಇನ್ನೊಂದು ಮುಖವನ್ನೂ ನೋಡಬೇಕು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹ್ಯಾರಿ ಸ್ಟೀನ್‌ಬಾಕ್, ಆಹಾರದ ಮೇಲೆ ನೇರಳಾತೀತ ಕಿರಣ ಬಿಟ್ಟರೆ ಅದರಲ್ಲಿ ವಿಟಮಿನ್ ಡಿ ಹೆಚ್ಚುತ್ತದೆ ಎಂದು 1920ರ ದಶಕದಲ್ಲಿ ತೋರಿಸಿದರು. ಮಕ್ಕಳ ಮೂಳೆ ಬಾಗಿಸುವ ರಿಕೆಟ್ಸ್ ರೋಗಕ್ಕೆ ಅಗ್ಗದ ಮದ್ದು ಸಿಕ್ಕಿತು. ಪೇಟೆಂಟ್ ಹಕ್ಕಿಗಾಗಿ ಕಂಪನಿಯೊಂದು ದೊಡ್ಡ ಮೊತ್ತ ಕೊಡಲು ಬಂದರೂ ಅವರು ಒಪ್ಪಲಿಲ್ಲ. ಹಕ್ಕನ್ನು ನೋಡಿಕೊಳ್ಳಲು 1925ರಲ್ಲಿ ಹಳೆಯ ವಿದ್ಯಾರ್ಥಿಗಳ ಪ್ರತಿಷ್ಠಾನವೊಂದು ಹುಟ್ಟಿತು. ಬಂದ ಹಣ ಮತ್ತೆ ಸಂಶೋಧನೆಗೇ ಹೋಯಿತು. ಇಲ್ಲಿಯವರೆಗೆ ಎಲ್ಲವೂ ಮೆಚ್ಚುವಂಥದ್ದು.

ಆದರೆ ಬೆಣ್ಣೆಗೆ ಪೈಪೋಟಿಯಾದ ಮಾರ್ಗರೀನಿಗೆ ಈ ತಂತ್ರ ಬಳಸಲು ಪ್ರತಿಷ್ಠಾನ ಪರವಾನಗಿ ಕೊಡಲಿಲ್ಲ. ವಿಸ್ಕಾನ್ಸಿನ್ ಹೈನುಗಾರಿಕೆಯ ರಾಜ್ಯ. ಬೆಣ್ಣೆ ಕೊಳ್ಳಲಾಗದ ಬಡವರು ತಿನ್ನುತ್ತಿದ್ದದ್ದು ಮಾರ್ಗರೀನನ್ನು. ರಿಕೆಟ್ಸ್ ಹೆಚ್ಚಾಗಿ ಕಾಡುತ್ತಿದ್ದದ್ದೂ ಬಡವರ ಮಕ್ಕಳನ್ನು. ವಿಷಯ ನ್ಯಾಯಾಲಯಕ್ಕೆ ಹೋಗಿ, 1940ರ ದಶಕದಲ್ಲಿ ಪೇಟೆಂಟೇ ಅಸಿಂಧುವಾಯಿತು. ಆವಿಷ್ಕಾರ ಮಾಡಿದವರ ಮನಸ್ಸು ಒಳ್ಳೆಯದಾಗಿದ್ದರೆ ಸಾಲದು, ಪರವಾನಗಿ ಕೊಡುವವರ ಕಣ್ಣು ಯಾರ ಮೇಲಿದೆ ಎಂಬುದೂ ಮುಖ್ಯ.

ನಮ್ಮ ಕಾಲಕ್ಕೆ ಹತ್ತಿರದ ಕಥೆ ಯೇಲ್ ವಿಶ್ವವಿದ್ಯಾಲಯದ್ದು. ಸ್ಟಾವುಡಿನ್ ಎಂಬ ವಸ್ತು ಎಚ್‌ಐವಿಯನ್ನು ತಡೆಯುತ್ತದೆ ಎಂದು ಅಲ್ಲಿನ ವಿಲಿಯಂ ಪ್ರುಸಾಫ್ ಮತ್ತು ತೈ-ಶುನ್ ಲಿನ್ ಕಂಡುಕೊಂಡರು. ಯೇಲ್ ಪೇಟೆಂಟ್ ಪಡೆದು ಬ್ರಿಸ್ಟಲ್-ಮಯರ್ಸ್ ಸ್ಕ್ವಿಬ್ ಕಂಪನಿಗೆ ಹಕ್ಕು ಕೊಟ್ಟಿತು. 1994ರಲ್ಲಿ ಔಷಧ ಅಮೆರಿಕದಲ್ಲಿ ಬಳಕೆಗೆ ಬಂತು. ದಕ್ಷಿಣ ಆಫ್ರಿಕಾದಲ್ಲಿ ಲಕ್ಷಾಂತರ ಜನ ಏಡ್ಸ್‌ನಿಂದ ಸಾಯುತ್ತಿದ್ದಾಗ ಅದರ ಬೆಲೆ ಬಹುತೇಕರ ಕೈಗೆ ಎಟುಕುತ್ತಿರಲಿಲ್ಲ. 2001ರ ಆರಂಭದಲ್ಲಿ ಮುಂಬೈನ ಸಿಪ್ಲಾ, ಸ್ಟಾವುಡಿನ್ ಸೇರಿದ ಮೂರು ಔಷಧಗಳ ಚಿಕಿತ್ಸೆಯನ್ನು ವರ್ಷಕ್ಕೆ 350 ಡಾಲರಿಗೆ ಕೊಡುತ್ತೇನೆ ಎಂದು ಮುಂದೆ ಬಂತು. ಅದೇ ಹೊತ್ತಿಗೆ ಗಡಿಯಿಲ್ಲದ ವೈದ್ಯರ ಸಂಘಟನೆ ಯೇಲ್‌ಗೆ ಪತ್ರ ಬರೆಯಿತು. ಯೇಲ್‌ನ ವಿದ್ಯಾರ್ಥಿಗಳು ತಮ್ಮ ವಿಶ್ವವಿದ್ಯಾಲಯವನ್ನೇ ಪ್ರಶ್ನಿಸಿದರು. ಔಷಧದ ಗುಣ ಕಂಡುಹಿಡಿದ ಪ್ರುಸಾಫ್ ಅವರೇ ವಿದ್ಯಾರ್ಥಿಗಳ ಪರ ನಿಂತರು. ಮಾರ್ಚ್ ತಿಂಗಳಲ್ಲಿ ಕಂಪನಿ, ದಕ್ಷಿಣ ಆಫ್ರಿಕಾದಲ್ಲಿ ಪೇಟೆಂಟನ್ನು ಅಡ್ಡ ತರುವುದಿಲ್ಲ ಎಂದು ಘೋಷಿಸಿತು. ಪರವಾನಗಿ ಬರೆಯುವ ದಿನವೇ ಬಡದೇಶಗಳ ಬಗ್ಗೆ ಒಂದು ವಾಕ್ಯ ಸೇರಿಸಿದ್ದರೆ ಈ ಹೋರಾಟವೇ ಬೇಕಾಗುತ್ತಿರಲಿಲ್ಲ.

ವಿಶ್ವವಿದ್ಯಾಲಯ ಪೇಟೆಂಟ್ ಪಡೆಯದ ದೊಡ್ಡ ಕೆಲಸಗಳೂ ಜನರನ್ನು ತಲುಪಿವೆ. ಎಂಆರ್‌ಐ ಚಿತ್ರದ ವಿಧಾನವನ್ನು ಪಾಲ್ ಲಾಟರ್‌ಬರ್ 1973ರಲ್ಲಿ ಪ್ರಕಟಿಸಿದರು. ಅವರಿದ್ದ ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯ, ಇದರಿಂದ ಖರ್ಚು ಹುಟ್ಟುವುದಿಲ್ಲವೆಂದು ಪೇಟೆಂಟಿಗೆ ಮುಂದಾಗಲಿಲ್ಲ. ಎಂಆರ್‌ಐ ಜಗತ್ತಿನ ಆಸ್ಪತ್ರೆಗಳಿಗೆ ಬಂತು, ಲಾಟರ್‌ಬರ್ 2003ರಲ್ಲಿ ನಾಟಿಂಗ್‌ಹ್ಯಾಮ್‌ನ ಪೀಟರ್ ಮ್ಯಾನ್ಸ್‌ಫೀಲ್ಡ್ ಜತೆ ನೊಬೆಲ್ ಪಡೆದರು. ಆದ್ದರಿಂದ ಪ್ರತಿಯೊಂದಕ್ಕೂ ಪೇಟೆಂಟ್ ಬೇಕೇಬೇಕು ಎನ್ನುವವರ ಮಾತನ್ನೂ ಪೂರ್ತಿ ನಂಬಬೇಕಿಲ್ಲ.

ನಮ್ಮ ನೆಲದಲ್ಲಿ

ಭಾರತಕ್ಕೆ ಈ ವಿಚಾರ ಹೊಸದಲ್ಲ. ಕಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿನ ಅಧ್ಯಾಪಕ ಜಗದೀಶ್‌ಚಂದ್ರ ಬೋಸ್ ರೇಡಿಯೊ ಅಲೆಗಳನ್ನು ಗ್ರಹಿಸಲು ಗೆಲೀನಾ ಹರಳಿನ ಉಪಕರಣ ಮಾಡಿದ್ದರು. ಜ್ಞಾನ ಮಾರುವುದು ಅವರಿಗೆ ಒಗ್ಗದ ಸಂಗತಿ. ಅವರ ಆಪ್ತರಾದ ಸೋದರಿ ನಿವೇದಿತಾ ಮತ್ತು ಸಾರಾ ಬುಲ್ ಒತ್ತಾಯ ಮಾಡಿದ್ದರಿಂದ 1901ರಲ್ಲಿ ಅಮೆರಿಕದಲ್ಲಿ ಅರ್ಜಿ ಹೋಯಿತು, 1904ರ ಮಾರ್ಚಿನಲ್ಲಿ ಪೇಟೆಂಟ್ ಸಿಕ್ಕಿತು. ಬೋಸ್ ಅದರಿಂದ ಹಣ ಮಾಡಲು ಹೋಗಲಿಲ್ಲ.

ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯ ಹೃದಯ ಕವಾಟ ನಮ್ಮ ಕಾಲದ ದೊಡ್ಡ ಸಾಧನೆ. ಸಂಧಿವಾತ ಜ್ವರದಿಂದ ಕವಾಟ ಕೆಟ್ಟ ಬಡರೋಗಿಗಳಿಗೆ ಆಮದು ಕವಾಟ ಕೊಳ್ಳುವ ಶಕ್ತಿ ಇಲ್ಲದ್ದನ್ನು ನೋಡಿ ಶಸ್ತ್ರಚಿಕಿತ್ಸಕ ಎಂ. ಎಸ್. ವಲಿಯತ್ತಾನ್ ಮತ್ತು ಅಲ್ಲಿನ ಎಂಜಿನಿಯರುಗಳು ಈ ಕೆಲಸಕ್ಕೆ ಕೈಹಾಕಿದರು. ಮೊದಲ ಮಾದರಿಗಳು ಒಂದಾದ ಮೇಲೊಂದು ಸೋತವು. ನಾಲ್ಕನೆಯದು ನಿಂತಿತು. 1990ರ ಡಿಸೆಂಬರಿನಲ್ಲಿ ಮೊದಲ ರೋಗಿಗೆ ಅದನ್ನು ಕೂರಿಸಿದರು. ತಯಾರಿಸುವ ಹೊಣೆಯನ್ನು ಸಂಸ್ಥೆ ಟಿಟಿಕೆ ಸಮೂಹಕ್ಕೆ ವಹಿಸಿತು. ಅಂದಿನಿಂದ ಸಾವಿರಾರು ರೋಗಿಗಳಿಗೆ, ಆಮದು ಕವಾಟಕ್ಕಿಂತ ಕಡಿಮೆ ಬೆಲೆಗೆ ಅದು ದೊರೆತಿದೆ. ವಲಿಯತ್ತಾನ್ 1993ರಲ್ಲಿ ಮಣಿಪಾಲ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿ ನಮ್ಮ ರಾಜ್ಯಕ್ಕೆ ಬಂದರು, ಕಡೆಯವರೆಗೂ ಮಣಿಪಾಲದಲ್ಲೇ ಉಳಿದರು. ಸಾರ್ವಜನಿಕ ಸಂಸ್ಥೆ ಕಂಡುಹಿಡಿದದ್ದು ಖಾಸಗಿ ಕಾರ್ಖಾನೆಯ ಮೂಲಕ ರೋಗಿಯನ್ನು ತಲುಪಲು ಸಾಧ್ಯ, ಅದೂ ಎಟುಕುವ ಬೆಲೆಗೆ ಸಾಧ್ಯ ಎಂಬುದನ್ನು ಈ ಕವಾಟ ತೋರಿಸಿಕೊಟ್ಟಿದೆ.

ನಮ್ಮ ಕಾನೂನಿನಲ್ಲಿ ರೋಗಿಯ ಪರವಾದ ಕಲಮುಗಳೂ ಇವೆ. 1970ರ ಪೇಟೆಂಟ್ ಕಾಯ್ದೆಯ ಪ್ರಕಾರ ಚಿಕಿತ್ಸೆಯ ವಿಧಾನಕ್ಕೂ ರೋಗಪತ್ತೆಯ ವಿಧಾನಕ್ಕೂ ಪೇಟೆಂಟ್ ಇಲ್ಲ. ಯಂತ್ರಕ್ಕೆ ಉಂಟು, ಅದನ್ನು ಹಿಡಿದು ವೈದ್ಯರು ಮಾಡುವ ಚಿಕಿತ್ಸೆಗೆ ಇಲ್ಲ. ಪೇಟೆಂಟ್ ಆಗಿರುವುದನ್ನು ಕೂಡ ಪ್ರಯೋಗಕ್ಕಾಗಿ, ಸಂಶೋಧನೆಗಾಗಿ, ವಿದ್ಯಾರ್ಥಿಗಳಿಗೆ ಕಲಿಸುವುದಕ್ಕಾಗಿ ಬಳಸಬಹುದು ಎಂದು 47ನೇ ಕಲಮು ಹೇಳುತ್ತದೆ. ಪೇಟೆಂಟ್ ಸಿಕ್ಕಿ ಮೂರು ವರ್ಷ ಕಳೆದ ಮೇಲೂ ವಸ್ತು ಜನರಿಗೆ ಎಟುಕುವ ಬೆಲೆಯಲ್ಲಿ ಸಿಗದಿದ್ದರೆ ಕಡ್ಡಾಯ ಪರವಾನಗಿಗೆ ಅರ್ಜಿ ಹಾಕಬಹುದು. 2012ರಲ್ಲಿ ಬೇಯರ್ ಕಂಪನಿಯ ಕ್ಯಾನ್ಸರ್ ಔಷಧ ಸೊರಾಫೆನಿಬ್ ತಯಾರಿಸಲು ಹೈದರಾಬಾದಿನ ನ್ಯಾಟ್ಕೊಗೆ ಹೀಗೆ ಪರವಾನಗಿ ಸಿಕ್ಕಾಗ, ತಿಂಗಳಿಗೆ ಸುಮಾರು 2.8 ಲಕ್ಷ ರೂಪಾಯಿ ಇದ್ದದ್ದು 8,800 ರೂಪಾಯಿಗೆ ಇಳಿಯಿತು. ಇನ್ನೊಂದು ಸಂಗತಿ: ಪೇಟೆಂಟ್ ನಡೆಯುವುದು ಪಡೆದ ದೇಶದಲ್ಲಿ ಮಾತ್ರ. ಅಮೆರಿಕದಲ್ಲಷ್ಟೇ ಪಡೆದು ಭಾರತದಲ್ಲಿ ಅರ್ಜಿ ಹಾಕದ ಆವಿಷ್ಕಾರವನ್ನು ಇಲ್ಲಿ ಯಾರು ಬೇಕಾದರೂ ತಯಾರಿಸಿ ಮಾರಬಹುದು.

ನಿಮ್ಮ ಮಗಳಿಗೆ

ಮೊದಲ ಮಾತು, ಪೇಟೆಂಟ್ ಅರ್ಜಿ ಹಾಕುವ ಯೋಚನೆ ಇದ್ದರೆ ಹಾಕಿದ ಮೇಲೆಯೇ ಲೇಖನ ಪ್ರಕಟಿಸಲಿ, ಪ್ರದರ್ಶನದಲ್ಲಿ ಇಡಲಿ. ಮೊದಲೇ ಬಹಿರಂಗವಾದದ್ದು ಹೊಸತು ಎನಿಸುವುದಿಲ್ಲ. ಒಸಿಟಿ ತಂಡ ಏಪ್ರಿಲಿನಲ್ಲಿ ಅರ್ಜಿ ಹಾಕಿ ನವೆಂಬರಿನಲ್ಲಿ ಲೇಖನ ಪ್ರಕಟಿಸಿದ್ದನ್ನು ನೆನಪಿಡಲಿ.

ಎರಡನೆಯದು, ಪ್ರಯೋಗದ ಪುಸ್ತಕದಲ್ಲಿ ದಿನಾಂಕ ಹಾಕಿ ಬರೆಯುವ ರೂಢಿ ಇರಲಿ, ಅರ್ಜಿಯೂ ತಡವಾಗದಿರಲಿ. ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ಗಾರ್ಡನ್ ಗೌಲ್ಡ್ 1957ರಲ್ಲಿ ಲೇಸರಿನ ಕಲ್ಪನೆಯನ್ನು ಬರೆದು ನೋಟರಿ ಮುದ್ರೆ ಹಾಕಿಸಿದ್ದರು. ಆದರೆ ಯಂತ್ರ ಮಾಡಿ ತೋರಿಸಿದರೆ ಮಾತ್ರ ಪೇಟೆಂಟ್ ಎಂದು ತಪ್ಪು ತಿಳಿದು ಅರ್ಜಿ ಹಾಕಲು 1959 ಆಯಿತು. ಅಷ್ಟರಲ್ಲಿ ಇದೇ ವಿಷಯದ ಮೇಲೆ ಭೌತವಿಜ್ಞಾನಿಗಳಾದ ಚಾರ್ಲ್ಸ್ ಟೌನ್ಸ್ ಮತ್ತು ಆರ್ಥರ್ ಶಾಲೊ ಅವರ ಅರ್ಜಿ ಹೋಗಿತ್ತು. ಗೌಲ್ಡ್ ಅವರಿಗೆ ಲೇಸರಿನ ಮೊದಲ ಮುಖ್ಯ ಪೇಟೆಂಟ್ ಸಿಕ್ಕಿದ್ದು 1977ರಲ್ಲಿ.

ಮೂರನೆಯದು ಹೆಸರಿನ ವಿಚಾರ. ಕ್ಷಯಕ್ಕೆ ಮೊದಲ ಸಮರ್ಥ ಔಷಧವಾದ ಸ್ಟ್ರೆಪ್ಟೊಮೈಸಿನ್ನನ್ನು 1943ರಲ್ಲಿ ರಟ್ಗರ್ಸ್ ವಿಶ್ವವಿದ್ಯಾಲಯದ ನೆಲಮಾಳಿಗೆಯ ಪ್ರಯೋಗಾಲಯದಲ್ಲಿ ಬೇರ್ಪಡಿಸಿದವರು ವಿದ್ಯಾರ್ಥಿ ಆಲ್ಬರ್ಟ್ ಶಾಟ್ಜ್. ಪೇಟೆಂಟಿನಲ್ಲಿ ಅವರ ಹೆಸರು ಗುರು ಸೆಲ್ಮನ್ ವಾಕ್ಸ್‌ಮನ್ ಜತೆಗಿತ್ತು. ಆದರೆ ರಾಯಲ್ಟಿ ಗುರುವಿಗೆ ಸಲ್ಲುತ್ತಿದೆ ಎಂದು ತಿಳಿದಾಗ ಶಾಟ್ಜ್ 1950ರಲ್ಲಿ ನ್ಯಾಯಾಲಯಕ್ಕೆ ಹೋಗಬೇಕಾಯಿತು. ರಾಜಿಯಲ್ಲಿ ಸಹ-ಆವಿಷ್ಕಾರಕ ಎಂಬ ಮಾನ್ಯತೆಯೂ ಶೇಕಡ 3 ಪಾಲೂ ಸಿಕ್ಕಿದವು. 1952ರ ನೊಬೆಲ್ ಮಾತ್ರ ವಾಕ್ಸ್‌ಮನ್ ಒಬ್ಬರಿಗೇ ಹೋಯಿತು. ಅರ್ಜಿಗೆ ಸಹಿ ಹಾಕುವ ಮೊದಲು ಆವಿಷ್ಕಾರಕರ ಪಟ್ಟಿಯಲ್ಲಿ ಯಾರಿದ್ದಾರೆ, ಹಣ ಬಂದರೆ ಹೇಗೆ ಹಂಚಿಕೆ ಎಂದು ನಿಮ್ಮ ಮಗಳು ಕೇಳಲಿ. ಕೇಳುವುದು ಅವಿನಯವಲ್ಲ.

ಕೊನೆಯದು, ಎಣಿಕೆಗಾಗಿ ಪೇಟೆಂಟ್ ಬೇಡ. ಶಿಕ್ಷಣ ಸಂಸ್ಥೆಗಳಿಗೆ 2021ರಿಂದ ಪೇಟೆಂಟ್ ಶುಲ್ಕದಲ್ಲಿ ಶೇಕಡ 80 ರಿಯಾಯಿತಿ ಇದೆ. ಇದು ಒಳ್ಳೆಯದೇ. ಆದರೆ ಮಾನ್ಯತೆಯ ಅಂಕಗಳಿಗಾಗಿ ಅರ್ಜಿ ಹಾಕಿ, ತಯಾರಿಸುವವರನ್ನು ಹುಡುಕದೆ ಬಿಟ್ಟರೆ ಅದು ಯಾರಿಗೂ ಉಪಯೋಗವಿಲ್ಲದ ಕಾಗದ. ಕರ್ನಾಟಕದ ಅರ್ಜಿಗಳನ್ನು ನೋಡಿಕೊಳ್ಳುವುದು ಚೆನ್ನೈನ ಪೇಟೆಂಟ್ ಕಚೇರಿ. ಹಳೆಯ ಪೇಟೆಂಟುಗಳನ್ನು ಕಚೇರಿಯ ಜಾಲತಾಣದಲ್ಲಿ ದುಡ್ಡು ಕೊಡದೆ ಹುಡುಕಿ ಓದಬಹುದು. ಪ್ರಾಜೆಕ್ಟ್ ಶುರು ಮಾಡುವ ಮೊದಲು ಹೀಗೆ ಒಂದಿಷ್ಟು ಓದಿದರೆ ಇತರರು ಆಗಲೇ ಮಾಡಿದ್ದನ್ನು ಮತ್ತೆ ಮಾಡುವ ಶ್ರಮ ಉಳಿಯುತ್ತದೆ.

ನಮ್ಮ ವಿಶ್ವವಿದ್ಯಾಲಯಗಳಲ್ಲಿ ನನ್ನದೊಂದು ಕೋರಿಕೆಯೂ ಇದೆ. ವರ್ಷಕ್ಕೆ ಎಷ್ಟು ಪೇಟೆಂಟ್ ಬಂತು ಎಂದು ಫಲಕ ಹಾಕುವ ಬದಲು, ಯಾವ ಹಕ್ಕನ್ನು ಯಾರಿಗೆ ಕೊಟ್ಟೆವು, ಎಷ್ಟು ವರ್ಷದೊಳಗೆ ತಯಾರಿಸಬೇಕೆಂದು ಷರತ್ತು ಹಾಕಿದೆವು, ಸರ್ಕಾರಿ ಆಸ್ಪತ್ರೆಗೆ ಯಾವ ಬೆಲೆಗೆ ಸಿಗುತ್ತದೆ ಎಂಬುದನ್ನು ಪ್ರಕಟಿಸಿ. ಜನರ ದುಡ್ಡಿನಿಂದ ಹುಟ್ಟಿದ ಆವಿಷ್ಕಾರದ ಬಗ್ಗೆ ಇಷ್ಟು ತಿಳಿಯುವ ಹಕ್ಕು ಜನರಿಗಿದೆ. ನೀವು ಎತ್ತಿದ ಪ್ರಶ್ನೆಯನ್ನು ನಿಮ್ಮ ಮಗಳ ಕಾಲೇಜಿಗೂ ಬರೆದು ಕೇಳಿ.